ಲಾರಿಯ ತೂಕ ಕಳೆದು

ಇಲ್ಲಿ ಏಜೆಂಟ್ ಅಂದ್ರ ಅಡತಿ ಅಂಗಡ್ಯವರು,
ಹತ್ತಿ ಹಿಂಜಿ ನೋಡಿ, ಟವೆಲ್ಲಿನ ಅಡಿ ಬೆರಳು ಹಿಡಿದು
ರೇಟು ಹೇಳುವವರು.
ನಾ ಹೇಳೂ ಏಜೆಂಟು ಬ್ಯಾರೆ. ಕಮಿಷನ್ ಕೇಳಂಗಿಲ್ಲ,
ಚಾ ಕುಡಿಯಂಗಿಲ್ಲ, ರಾಯಚೂರಿನ ಬಿಸಿಲಿಗೆ
ಒಮ್ಮೆನೂ ಉಫ್ ಅಂದಿಲ್ಲ.
ಬರೆದದ್ದು ಓದತದ. ಓದಿದ್ದು ಮಾಡತದ.
ಬರೀಲಾರದ್ದು
ತಾನೇ ಹುಟ್ಟಿಸಿ ಮಾಡತದ.

ಹನ್ನೊಂದು ವರ್ಷ ಗಂಜಿನ ವೇ ಬ್ರಿಡ್ಜಿನ್ಯಾಗ ಚೀಟಿ ಹರಿದಾಕಿ ನಾ.
ಈಗ ಮಾರ್ಕ್ಸ್ ಹಾಕತೀನಿ,
ಸಾಫ್ಟ್‌ವೇರಿನವರು ತಮ್ಮ ಟೂಲಿನ ಬಗ್ಗೆ ಬರೆದಿಟ್ಟ ಹಾಳಿಗೆ.
ಆ ಹಾಳಿಯೊಂದನ್ನ ಏಜೆಂಟಿನ ಕೈಗೆ ಕೊಟ್ಟು
ಬಾಯಿ ಮುಚ್ಚಿಕೊಂಡು ಕೂಡಬೇಕು.
ಕೆಲಸ ಅಂದ್ರ ಅದೇ, ಬಾಯಿ ಮುಚ್ಚಿಕೊಳ್ಳೂದು.
ಕಷ್ಟ ಅದ.

ಮೊನ್ನೆ ತೂಕದ ಟೂಲು. ವಿವರಣಿ ಎರಡೇ ಶಬ್ದ:
‘ತೂಕ ಕೊಡುತ್ತದೆ.’
ಯಾವುದರ ತೂಕ? ಕೇಜಿಯೋ, ಕ್ವಿಂಟಲ್ಲೋ?
ಸಿರವಾರದ ಲಾರಿಯೊಂದು ಬಂತು.
ಏಜೆಂಟು ತೂಗಿತು, ಗುಣಿಸಿತು, ಬಿಲ್ ಬರೀತು,
ಹತ್ತಿ ಜೋಡಿ ಲಾರಿನೂ ಖರೀದಿ ಮಾಡಿತು:
ಆರು ಗಾಲಿ, ಡೀಸೆಲ್ಲು, ಮ್ಯಾಲಿನ ತಾಡಪತ್ರಿ,
ಕ್ಯಾಬಿನ್ನಿನ್ಯಾಗ ನಿದ್ದಿ ಹೊಡಿಯೂ ಕ್ಲೀನರ್ ಹುಡುಗನ್ನೂ ಸೇರಿಸಿ
ಕ್ವಿಂಟಲ್ಲಿಗೆ ಏಳು ಸಾವಿರದ ಎರಡುನೂರು.
ಪುಣ್ಯ, ಪರೀಕ್ಷಾದ ಲಾರಿ. ಸುಳ್ಳು ಹತ್ತಿ.
ನಕ್ಕೆ. ಆಮ್ಯಾಲ ನಗು ನಿಂತಿತು.
ಅದರ ತಪ್ಪೇನದ ಇದರಾಗ?

ನನಗ ಕಲಿಸಿದವ ದಾವಲಸಾಬ.
ಮೊದಲ ದಿನ ಹೇಳಿದ್ದು ಒಂದೇ ಮಾತು, ‘ನೋಡ್ಕೋತ ಕೂಡವ್ವ.’
ಕಾಟಾದ ಮ್ಯಾಲೆ ಲಾರಿ ಏರಿದ ಕೂಡಲೇ
ಕಿಟಕಿಯಿಂದ ಕೈ ಹೊರಗ ಹಾಕಿ ಚಿಟಿಕಿ ಹೊಡೀತಿದ್ದ,
ಡ್ರೈವರ್ ಇಳೀತಿದ್ದ.
ಖಾಲಿ ಗಾಡಿ ತಿರುಗಿ ಬರೂತನ
ಅರ್ಧ ಬರೆದ ಚೀಟಿ ಕಲ್ಲಿನ ಅಡಿ ಇಡತಿದ್ದ.
ಆ ಚಿಟಿಕಿ, ಆ ಕಲ್ಲು ಯಾವ ಹಾಳಿಯೊಳಗೂ ಇಲ್ಲ.
ನಾ ಕಲಿತೆ, ಯಾಕಂದ್ರ ಪಕ್ಕಕ್ಕ ಅವ ಇದ್ದ,
ತಿಳೀಲಿಲ್ಲಂದ್ರ ನನ್ನ ಮಾರಿ ಸಣ್ಣದಾಗತಿತ್ತು,
ಅವ ಅದನ್ನ ನೋಡತಿದ್ದ.
ಏಜೆಂಟಿಗೆ ಮಾರಿ ಇಲ್ಲ.
ತಿಳೀಲಾರದಾಗೂ ತಿಳಿದಂಗೇ ಬರೀತದ,
ಅಕ್ಷರ ನಡಗಂಗಿಲ್ಲ.

ಫೋನ್ ಹಚ್ಚಿದೆ. ಆ ಚಿಟಿಕಿ ಬರೆಸ್ರಿ ಅಂದೆ.
‘ಇದೂ ಬರಿಯೂ ಮಾತಾ ಬೇಟಿ?’
ಕೆಮ್ಮಿದ. ಆ ಕಡೆ ಯಾವುದೋ ಬಸ್ಸಿನ ಹಾರನ್ನು.
‘ಬರಕೋ. ಮಳಿ ಬಂದ ಮರುದಿನ ಕಾಟಾ ನಂಬಬ್ಯಾಡ.’
ಎಷ್ಟು ಕಳೀಬೇಕು ಅಂತ ಕೇಳಿದರ
‘ಅದು ನನಗೂ ಗೊತ್ತಿಲ್ಲ. ಆ ದಿನ ಕೇಳು’ ಅಂದ.

ತೂಕದ ಟೂಲಿಗೆ ಹತ್ತಕ್ಕ ಎರಡು ಹಾಕಿದೆ.
ರದ್ದು ಮಾಡೂ ಟೂಲಿಗೆ ಹದಿನಾಲ್ಕು ಪುಟ, ಬಣ್ಣದ ಚಿತ್ರ;
ರದ್ದಾಗೂದು ಒಂದು ಚೀಟಿಯೋ, ಇಡೀ ದಿನವೋ
ಅನ್ನೂದೊಂದು ಬಿಟ್ಟು ಎಲ್ಲಾ ಇತ್ತು.
ಏಜೆಂಟು ಸೋಮವಾರನೇ ಅಳಿಸಿತು.
ಅದಕ್ಕ ಒಂದು.

ಗೇಟಿನ ಟೂಲಿನದು ಐದೇ ಸಾಲು.
ಬರೆದಾಕಿ ಯಾರೋ ತಾಯಮ್ಮ, ಕೆಳಗ ಹೆಸರು ಅದ.
ಐದನೇ ಸಾಲು ಎರಡು ಸಲ ಓದಿದೆ:
‘ಎರಡು ಗಾಡಿ ಒಮ್ಮೆಗೇ ಬಂದರೆ ಏನಾಗುತ್ತದೋ
ನಾನು ನೋಡಿಲ್ಲ. ನಿಲ್ಲು, ಅಲ್ಲಿದ್ದವರನ್ನು ಕೇಳು.’
ನನ್ನ ನಮೂನಿಯೊಳಗ
‘ಗೊತ್ತಿಲ್ಲ ಅಂತ ಬರೆದದ್ದು’ ಅನ್ನೂ ಖಾನೆ ಇಲ್ಲ.
ಅಂಚಿನ್ಯಾಗ ಪೆನ್ಸಿಲ್ಲಿನಿಂದ ಗೆರಿ ಎಳೆದೆ.

ಆಮ್ಯಾಲ ಎರಡು ಲಾರಿ ಕೂಡೇ ಬಿಟ್ಟೆ.
ಮೂರು ತಿಂಗಳಿನ್ಯಾಗ ಮೊದಲ ಸಲ
ಅದು ನಿಂತಿತು.
ಪರದೆ ಮ್ಯಾಲೆ ಒಂದು ಸಾಲು ಮೂಡಿತು:
‘ಎರಡು ಬಂದಿವೆ. ಯಾವುದನ್ನು ಮೊದಲು ಬಿಡಲಿ?’

ನಿಯಮದ ಪ್ರಕಾರ
ನಾ ಬಾಯಿ ಮುಚ್ಚಿಕೊಂಡಿರಬೇಕಿತ್ತು.